ಅಕ್ಕನ ಮೊಗ್ಗಿನ ಜಡೆ

ಹೂವಿನಹಡಗಲಿ
೧೪ ಏಪ್ರಿಲ್ ೨೦೨೫, ಸೋಮವಾರ

ಪ್ರೀತಿಯ ಮಂಜಕ್ಕನಿಗೆ,

ಹರಪನಹಳ್ಳಿಯಲ್ಲಿ ಬಿಸಿಲು ಹೇಗಿದೆ? ನಿನ್ನ ಮೊಣಕಾಲು ನೋವು ಕಡಿಮೆಯಾಯಿತೋ, ಇಲ್ಲಾ ಮಗಳ ಮದುವೆಯ ಓಡಾಟದಲ್ಲಿ ನೋವೂ ಮರೆತುಹೋಯಿತೋ? ಮಾಮ ಸಕ್ಕರೆ ಕಾಯಿಲೆ ಇಟ್ಟುಕೊಂಡೂ ಲಾಡು ಕಟ್ಟುವವರ ಮುಂದೆಯೇ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ, ನನಗೆ ಗೊತ್ತು, ಎಬ್ಬಿಸು. ನಾವೆಲ್ಲ ಚೆನ್ನಾಗಿದ್ದೇವೆ. ಫೋನ್ ಇರುವಾಗ ಇವಳಿಗೇಕೆ ಕಾಗದ ಬರೆಯುವ ಹುಚ್ಚು ಎನ್ನಬೇಡ. ಫೋನಿನಲ್ಲಿ ನೀನು ಮಾತಾಡುತ್ತೀ, ನಾನು ಹೂಂ ಎನ್ನುತ್ತೇನೆ, ಮೊದಲಿನಿಂದಲೂ ಅದೇ ನಡೆದುಬಂದಿದೆ. ಇಲ್ಲಿ ನಡುವೆ ಬಾಯಿ ಹಾಕಲು ನಿನಗೆ ಆಗುವುದಿಲ್ಲ.

ಹೋದ ವಾರ ಫೋನಿನಲ್ಲಿ ನೀನು ಎರಡು ಮಾತು ಹೇಳಿದೆ. ಅಮ್ಮ ಹೋದ ಮೇಲೆ ನಾನು ತಂದಿಟ್ಟುಕೊಂಡಿರುವ ನಿನ್ನ ಮೊಗ್ಗಿನ ಜಡೆಯ ಫೋಟೋ ಕಳಿಸಬೇಕು, ಅಕ್ಷಯ ತದಿಗೆಯ ದಿನ ಭೂಮಿಕಾಳ ಮದುವೆಯಲ್ಲಿ ದೊಡ್ಡ ಪರದೆಯ ಮೇಲೆ ತೋರಿಸುತ್ತೀರಂತೆ. ಆಮೇಲೆ, ಭೂಮಿಕಾಳ ಜಡೆಗೆ ದಾವಣಗೆರೆಯಿಂದ ಪಾರ್ಲರಿನವಳು ಬರುತ್ತಾಳೆ ಅಂದೆ. "ನಿನಗ್ಯಾಕ ತ್ರಾಸು ಅಂತ ಕರೀಲಿಲ್ಲ ಬಸಲಿಂಗಿ." ನನಗೆ ತ್ರಾಸಂತೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಎಲ್ಲಿ ಮದುವೆಯಾದರೂ ಮದುಮಗಳ ಮೊಗ್ಗಿನ ಜಡೆಗೆ ನನ್ನನ್ನೇ ಕರೆಸುತ್ತಾರೆ, ಇಪ್ಪತ್ತೆಂಟು ವರ್ಷವಾಯಿತು. ಸ್ವಂತ ಅಕ್ಕನ ಮಗಳ ತಲೆಗೆ ಮಾತ್ರ ಕ್ಲಿಪ್ಪಿನಲ್ಲಿ ಸಿಕ್ಕಿಸುವ ರೆಡಿಮೇಡ್ ಜಡೆ. ನಾನು ಎಂದಿನಂತೆ ಹೂಂ ಎಂದು ಫೋನಿಟ್ಟೆ. ಎರಡು ದಿನ ಉರಿದುಹೋದೆ. ಆ ಪಾರ್ಲರಿನವಳ ಮುಖವನ್ನೇ ನಾನು ಕಂಡಿಲ್ಲ, ಆದರೂ ಅವಳ ಬೆರಳುಗಳ ಮೇಲೆ ನನಗೆ ಹೊಟ್ಟೆಕಿಚ್ಚು.

ಆ ಫೋಟೋದ ಮೇಲಂತೂ ಹೊಟ್ಟೆಕಿಚ್ಚು ಹಳೆಯದು. ನಿನಗಾಗ ಒಂಬತ್ತು, ನನಗೆ ಆರು. ನನ್ನ ಜ್ವರ ಬಿಡದೆ ಹೋದಾಗ ಅಮ್ಮ ಉಚ್ಚೆಂಗೆಮ್ಮನಿಗೆ ಹರಕೆ ಹೊತ್ತಿದ್ದಳಲ್ಲ. ನನ್ನ ಮುಡಿ ಕೊಟ್ಟು ಹದಿನೈದು ದಿನವೂ ಆಗಿರಲಿಲ್ಲ, ನಿನಗೆ ಮೊಗ್ಗಿನ ಜಡೆ ಹಾಕಿಸಿ ಸ್ಟುಡಿಯೋಕ್ಕೆ ಹೊರಡಿಸಿದಳು. ಬೋಳುತಲೆಯ ನಾನು ನಿಮ್ಮ ಹಿಂದೆ. ನಿನ್ನನ್ನು ಸ್ಟೂಲಿನ ಮೇಲೆ ಓರೆಯಾಗಿ ಕೂರಿಸಿ, ಜಡೆ ಕಾಣಲೆಂದು ಹಿಂದೆ ಕನ್ನಡಿ ನಿಲ್ಲಿಸಿದರು. "ಸಣ್ಣಾಕಿಗೆ ಕೂದಲು ಬಂದಮ್ಯಾಲೆ ತೆಗಸೂಣು" ಎಂದಳು ಅಮ್ಮ. ಕೂದಲು ಬಂತು, ಫೋಟೋ ತೆಗೆಸುವ ದಿನ ಬರಲಿಲ್ಲ. ಚಿಕ್ಕಂದಿನ ನನ್ನದೊಂದು ಫೋಟೋವೂ ಇಲ್ಲವೆಂದು ಗಂಡನ ಮುಂದೆ, ಮಕ್ಕಳ ಮುಂದೆ, ಹೂ ತಂದುಕೊಡುವವರ ಮುಂದೆ ಹೇಳಿಕೊಂಡು ತಿರುಗಿದ್ದೇನೆ.

ಹಾಳಾಗಲಿ, ಕಳಿಸಿಬಿಡೋಣವೆಂದು ಮೊನ್ನೆ ಶನಿವಾರ ಅದೇ ಸ್ಟುಡಿಯೋಕ್ಕೆ ಹೋದೆ. ಆವತ್ತು ಫೋಟೋ ತೆಗೆದವರ ಮಗ ಜಿಲಾನಿ ಈಗ ನಡೆಸುತ್ತಾನೆ. ಅವನು ಫೋಟೋವನ್ನು ಫ್ರೇಮಿನಿಂದ ಬಿಡಿಸಿದ. ಕೆಳಗಿನ ಅಂಚು ಎರಡು ಬೆರಳಿನಷ್ಟು ಫ್ರೇಮಿನ ಅಡಿ ಮುಚ್ಚಿಹೋಗಿತ್ತು. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ, "ಅಕ್ಕಾರ, ಕನ್ನಡ್ಯಾಗ ಯಾವುದೋ ಬೋಳುತಲಿ ಕೂಸು ಬಂದೈತ್ರಿ, ಅಳಿಸಿಬಿಡ್ಲೇನು?" ಎಂದು ಕೇಳಿದ. ಬಗ್ಗಿ ನೋಡಿದರೆ ನಾನೇ. ನಿನ್ನ ಲಂಗದ ಮರೆಯಲ್ಲಿ ಕುಕ್ಕರುಗಾಲಿನಲ್ಲಿ ಕೂತವಳು ಕ್ಯಾಮೆರಾಕ್ಕೆ ಸಿಗದೆ ಕನ್ನಡಿಗೆ ಸಿಕ್ಕಿಬಿದ್ದಿದ್ದೇನೆ. ನನ್ನ ಕೈ ನಿನ್ನ ಜಡೆಯ ತುದಿಯಲ್ಲಿದೆ.

ಆವತ್ತು ಮನೆಗೆ ಬಂದ ಮೇಲೆ ಜಡೆಯ ತುದಿಯಲ್ಲಿ ಮೊಗ್ಗು ಇಲ್ಲದ್ದು ಕಂಡು ಅಮ್ಮ ನಿನಗೆ ಹೊಡೆದಳು, ನೆನಪಿದೆಯಾ? "ತಲಿ ಕುಣಿಸಿ ಕುಣಿಸಿ ಎಲ್ಲಾ ಉದುರಿಸಿಕೊಂಡ್ಯಲ್ಲ" ಅಂದಳು. ನಾನಲ್ಲ, ನಾನಲ್ಲ ಎಂದು ನೀನು ಅತ್ತೆ. ಕಿತ್ತವಳು ನಾನು. ದಾರ ಸಡಿಲಿಸಿ ಒಂದೊಂದೇ ಮೊಗ್ಗು ಬಿಡಿಸಿ ಫ್ರಾಕಿನ ಜೇಬಿಗೆ ಹಾಕಿಕೊಂಡಿದ್ದೆ. ನೀನು ಪೆಟ್ಟು ತಿನ್ನುವಾಗ ಬಾಗಿಲ ಹಿಂದೆ ನಿಂತು ಖುಷಿಪಟ್ಟೆ, ಅದನ್ನೂ ಬರೆದುಬಿಡುತ್ತೇನೆ. ಮಾರನೆಯ ದಿನ ಹಿತ್ತಲಲ್ಲಿ ಕೂತು ಆ ಮೊಗ್ಗುಗಳನ್ನು ಸೆಣಬಿನ ಎಳೆಗೆ ಕಟ್ಟಿದೆ, ನನ್ನ ತಲೆಯಲ್ಲಿ ಕೂದಲಿರಲಿಲ್ಲವಲ್ಲ. ಯಾರೂ ಕಲಿಸಿರಲಿಲ್ಲ. ದಾರ ಎಲ್ಲಿ ಹೋಗಿ ಎಲ್ಲಿ ಬರುತ್ತದೆಂದು ನಿನ್ನ ಜಡೆ ಬಿಚ್ಚುವಾಗಲೇ ನೋಡಿಕೊಂಡಿದ್ದೆ. ಫೋಟೋದಲ್ಲಿ ಆ ಬೋಳುತಲೆಯವಳು ಹೆಬ್ಬೆರಳಿಗೂ ನಡುಬೆರಳಿಗೂ ಮಧ್ಯೆ ದಾರ ಹಿಡಿದಿದ್ದಾಳೆ, ಇವತ್ತಿಗೂ ನಾನು ಹಾಗೆಯೇ ಹಿಡಿಯುತ್ತೇನೆ. ನಿನ್ನ ಮೇಲಿನ ಹೊಟ್ಟೆಕಿಚ್ಚೇ ಅಕ್ಕಾ, ಇಷ್ಟು ವರ್ಷ ನನಗೆ ಅನ್ನ ಹಾಕಿದ್ದು.

ತಪ್ಪಾಯಿತು ಅನ್ನಬೇಕು, ಅನ್ನುತ್ತೇನೆ. ಆ ಪೆಟ್ಟು ನನಗೆ ಬೀಳಬೇಕಾದದ್ದು. ಆದರೆ ಫೋಟೋದಲ್ಲಿ ನೀನು ಎಷ್ಟು ಚೆಂದ ಕಾಣುತ್ತೀಯೆಂದರೆ, ಈ ವಯಸ್ಸಿನಲ್ಲೂ ನನಗೆ ಉರಿಯುತ್ತದೆ, ಏನು ಮಾಡಲಿ. ಅಳಿಸಬೇಡಪ್ಪಾ ಎಂದೆ ಜಿಲಾನಿಗೆ. ಫೋಟೋ ಇದರ ಜೊತೆಗಿದೆ, ನನ್ನ ಸಮೇತ. ತೋರಿಸುವುದಾದರೆ ಹಾಗೆಯೇ ತೋರಿಸು.

ಮಾಮನಿಗೆ ನನ್ನ ನಮಸ್ಕಾರ ತಿಳಿಸು. ಭೂಮಿಕಾ ಹೋದ ಮನೆಯಲ್ಲಿ ನಗುನಗುತ್ತಾ ಬಾಳಲಿ, ಅವಳಿಗೆ ಚಿಕ್ಕಮ್ಮನ ಆಶೀರ್ವಾದ.

ನಿನ್ನ ತಂಗಿ,
ಬಸಲಿಂಗಮ್ಮ

ತಾ.ಕ.: ಹೇಳಬೇಕಾದದ್ದನ್ನೇ ಬಿಟ್ಟೆ. ಮದುವೆಯ ಹಿಂದಿನ ದಿನಕ್ಕೆಂದು ಮಾಗಳದ ತೋಟದವರಿಗೆ ಮೊಗ್ಗು ಹೇಳಿಟ್ಟಿದ್ದೇನೆ. ಪಾರ್ಲರಿನವಳು ಮುಖಕ್ಕೆ ಏನು ಬೇಕಾದರೂ ಬಳಿಯಲಿ, ಕೂದಲು ಮುಟ್ಟುವುದು ಬೇಡ. ಕರೆಯದೆ ಯಾರ ಜಡೆಗೂ ಕೈ ಹಾಕಿದವಳಲ್ಲ ನಾನು, ನಿನ್ನದೊಂದನ್ನು ಬಿಟ್ಟರೆ. ಇನ್ನೊಮ್ಮೆ ಹಾಗೆ ಮಾಡಲು ಮನಸ್ಸಿಲ್ಲ. ನನ್ನನ್ನು ಕರೆ, ಅಕ್ಕಾ.