ನಿಮ್ಮ ಪೋಸ್ಟರಿನ ಹುಡುಗಿಗೆ ಪಿಸಿಓಎಸ್ ಇದೆ

ಮಹಿಳಾ ಆರೋಗ್ಯ ಜಾಗೃತಿ ಅಭಿಯಾನದ ಮಾನ್ಯ ನಿರ್ದೇಶಕರೇ,

ಊರಿನ ಬಸ್ ನಿಲ್ದಾಣಗಳಲ್ಲೂ ಆಸ್ಪತ್ರೆಗಳಲ್ಲೂ ತಾವು ಒಂದು ಪೋಸ್ಟರ್ ಹಚ್ಚಿಸಿದ್ದೀರಿ. ಬಿಳಿ ಟೀ ಶರ್ಟಿನ ತೆಳ್ಳಗಿನ ಹುಡುಗಿಯೊಬ್ಬಳು ಬಾಯಿ ತುಂಬ ನಗುತ್ತಿದ್ದಾಳೆ. ಕೆಳಗೆ ‘ಮೈ ಹಗುರ, ಬಾಳು ಮಧುರ, ಪಿಸಿಓಎಸ್ ಬಲುದೂರ’ ಎಂದಿದೆ. ಪ್ರಾಸ ಚೆನ್ನಾಗಿದೆ. ಹುಡುಗಿಯೂ ಚೆನ್ನಾಗಿದ್ದಾಳೆ. ತೊಂದರೆ ಇಷ್ಟೇ: ಅವಳು ನನ್ನ ತಂಗಿಯ ಮಗಳು, ಅವಳಿಗೆ ಪಿಸಿಓಎಸ್ ಇದೆ. ನಿಮ್ಮ ಜಾಗೃತಿ ನಡಿಗೆಗೆ ಅವಳು ಬಂದದ್ದೇ ಅದನ್ನು ಕೇಳಲು. ನೀವು ಅವಳನ್ನು ಪರೀಕ್ಷಿಸಲಿಲ್ಲ, ಫೋಟೋ ತೆಗೆದು ಕಳಿಸಿದಿರಿ.

ನಡೆದದ್ದನ್ನು ಹೇಳುತ್ತೇನೆ. ಅವಳು ಕಾಲೇಜಿನ ಎರಡನೇ ವರ್ಷದಲ್ಲಿದ್ದಾಳೆ. ಗದ್ದದ ಮೇಲೆ ಕೂದಲು ಬರತೊಡಗಿದಾಗಿನಿಂದ ಮಾಸ್ಕ್ ಹಾಕಿಕೊಂಡೇ ತರಗತಿಗೆ ಹೋಗುತ್ತಿದ್ದಳು. ಕೇಳಿದವರಿಗೆ ಧೂಳಿನ ಅಲರ್ಜಿ ಎನ್ನುತ್ತಿದ್ದಳು. ತಿಂಗಳುಗಟ್ಟಲೆ ಮುಟ್ಟಾಗಿಲ್ಲ ಎಂಬ ಸಂಗತಿ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನ್ನ ಕನ್ನಡಕದಂಗಡಿಗೆ ಬಂದವಳು ಕಣ್ಣಿನ ನೆಪ ಹೇಳಿ ಕುರ್ಚಿಯಲ್ಲಿ ಕೂತಳು. ಪರೀಕ್ಷೆಗೆಂದು ದೀಪ ಆರಿಸಿದ ಮೇಲೆ, ನನ್ನ ಮುಖ ಕಾಣದ ಧೈರ್ಯಕ್ಕೋ ಏನೋ, ಎಲ್ಲವನ್ನೂ ಹೇಳಿದಳು. ಡಾಕ್ಟರ ಹತ್ತಿರ ಹೋಗೋಣ ಎಂದೆ. ಡಾಕ್ಟರೆಂದರೆ ಅಮ್ಮನಿಗೆ ಗೊತ್ತಾಗುತ್ತದೆ, ಬೇಡ ಎಂದಳು. ಕೊನೆಗೆ ನಿಮ್ಮ ಜಾಗೃತಿ ನಡಿಗೆಯ ಪ್ರಕಟಣೆ ತೋರಿಸಿದೆ. ನಡಿಗೆಗೆ ಬಂದವರಿಗೆಲ್ಲ ಉಚಿತ ಸಲಹೆ ಎಂದಿತ್ತು. ಹಾಗೆ ಒಪ್ಪಿಸಿ ಕರೆತಂದವಳು ನಾನು.

ಮೈದಾನದಲ್ಲಿ ಮೊದಲು ಟೀ ಶರ್ಟ್ ಹಂಚಿದರು. ಸಣ್ಣ ಅಳತೆ ಇತ್ತು, ಮಧ್ಯಮ ಅಳತೆ ಇತ್ತು, ಅದಕ್ಕಿಂತ ದೊಡ್ಡದು ತರಿಸಿಯೇ ಇರಲಿಲ್ಲ. ಈ ಕಾಯಿಲೆಗೆ ಮೈ ತೂಕವೇ ಕಾರಣವೆಂದು ನಂಬಿರುವ ನಿಮ್ಮ ಇಲಾಖೆ, ಅದೇ ಕಾಯಿಲೆಯ ನಡಿಗೆಗೆ ದಪ್ಪಗಿರುವವರು ಯಾರೂ ಬರಲಾರರೆಂದು ಹೇಗೆ ಲೆಕ್ಕ ಹಾಕಿತೋ! ನನ್ನದನ್ನು ನಾನು ಶಲ್ಯದಂತೆ ಹೆಗಲ ಮೇಲೆ ಹಾಕಿಕೊಂಡೆ. ಹಾಗೆ ಹಾಕಿಕೊಂಡ ಹೆಂಗಸರು ಸುಮಾರು ಜನರಿದ್ದೆವು, ಯಾವುದೋ ಸನ್ಮಾನಕ್ಕೆ ಬಂದವರ ಹಾಗೆ ಕಾಣುತ್ತಿದ್ದೆವು. ಹುಡುಗಿಗೆ ಮಾತ್ರ ಅಳತೆ ತೆಗೆದು ಹೊಲಿದಂತೆ ಕೂತಿತು.

ಸಲಹಾ ಮಳಿಗೆಯಲ್ಲಿದ್ದ ಡಾಕ್ಟರಮ್ಮ ಹುಡುಗಿಯನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದರು. “ನಿಂಗೆಲ್ಲಿಂದ ಬರತ್ತಮ್ಮ ಅದು, ಕಡ್ಡಿ ಥರ ಇದೀಯ. ಆ ಕಡೆ ಬ್ಯಾನರ್ ಹಿಡಿಯೋಕೆ ಜನ ಬೇಕಂತೆ, ಹೋಗು,” ಎಂದರು. ಆಮೇಲೆ ನನ್ನತ್ತ ತಿರುಗಿ, ಬಹಳ ಮೃದುವಾಗಿ, “ನೀವು ಕೂತ್ಕೊಳ್ಳಿ,” ಎಂದರು. ನನಗೆ ಮುಟ್ಟು ಯಾವತ್ತೂ ತಪ್ಪಿದ್ದಿಲ್ಲ ಎಂದೆ. ಎಲ್ಲರೂ ಮೊದಲು ಹಾಗೇ ಹೇಳುವುದು ಎಂದರು. ಕೇಳಲು ಬಂದವಳು ಅವಳು ಎಂದೆ. ಮಗುವನ್ನು ಮುಂದಿಟ್ಟುಕೊಂಡು ಬರಬೇಕಾಗಿಲ್ಲ, ನಾಚಿಕೆ ಬಿಡಿ ಎಂದು ನನ್ನ ಕೈ ತಟ್ಟಿದರು. ಮೂರು ಬಗೆಯ ಕರಪತ್ರ ಕೊಟ್ಟು ಎಬ್ಬಿಸಿದರು.

ನನ್ನ ಸಿಟ್ಟನ್ನು ನಾನೇ ಅನುಮಾನಿಸಿದ್ದೇನೆ. ಹುಡುಗಿಗಾದ ಅನ್ಯಾಯಕ್ಕೆ ಸಿಟ್ಟೋ, ಅಷ್ಟು ಜನರ ನಡುವೆ ದಪ್ಪಗಿದ್ದೇನೆಂದು ನನ್ನನ್ನು ಕೂರಿಸಿದ್ದಕ್ಕೋ? ಎರಡನೆಯದೂ ಇದ್ದಿರಬೇಕು, ಇಲ್ಲವೆನ್ನುವುದಿಲ್ಲ. ಆದರೆ ನನ್ನ ಕಸುಬೂ ನೋಟದ್ದೇ. ಅಂಗಡಿಗೆ ಬಂದವರ ಮುಖ ನೋಡಿ ನಾನು ಯಾರಿಗೂ ಕನ್ನಡಕದ ನಂಬರು ಹೇಳಿದ್ದಿಲ್ಲ. ಕೂರಿಸುತ್ತೇನೆ, ಏನು ಕಾಣುತ್ತದೆ ಎಂದು ಕೇಳುತ್ತೇನೆ. ಒಂದು ಕನ್ನಡಕಕ್ಕೆ ಸಿಗುವಷ್ಟು ವಿಚಾರಣೆ ಒಂದು ಗರ್ಭಕೋಶಕ್ಕೆ ಸಿಗಬಾರದೇ?

ಹುಡುಗಿಗೆ ಮಾತ್ರ ಸಿಟ್ಟು ಬರಲಿಲ್ಲ. ಅವಳಿಗೆ ಖುಷಿಯಾಯಿತು. “ಏನೂ ಇಲ್ವಂತೆ ದೊಡ್ಡಮ್ಮ,” ಎಂದು ಓಡಿಬಂದು ನನ್ನ ತೋಳು ಹಿಡಿದುಕೊಂಡಳು. ನಿಮ್ಮ ಫೋಟೋದವನು ಮಾಸ್ಕ್ ತೆಗೆಯಲು ಹೇಳಿದಾಗ ಹಿಂದೆಮುಂದೆ ನೋಡದೆ ತೆಗೆದಳು. ಪೋಸ್ಟರಿನಲ್ಲಿರುವುದು ಆ ನಗು. ತನಗೆ ಕಾಯಿಲೆಯಿಲ್ಲ ಎಂದು ಡಾಕ್ಟರೊಬ್ಬರು ಹೇಳಿದ ಮಾತನ್ನು ನಂಬಿದ ಹುಡುಗಿಯ ನಗು. ಅಷ್ಟು ನಿಜವಾದ ನಗು ದುಡ್ಡು ಕೊಟ್ಟರೂ ಸಿಗುತ್ತಿರಲಿಲ್ಲ.

ಪೋಸ್ಟರ್ ಅಚ್ಚಾಗಿ ಬಂದಾಗ ಹತ್ತಿರ ನಿಂತು ನೋಡಿದೆ. ಅವಳ ಗದ್ದ ಮಗುವಿನ ಗದ್ದದಂತೆ ನುಣ್ಣಗಿತ್ತು. ಕಾಯಿಲೆಗೆ ಹೊರಗೆ ಕಾಣುವಂತೆ ಇದ್ದ ಒಂದೇ ಒಂದು ಗುರುತನ್ನು ನಿಮ್ಮವರು ಕಂಪ್ಯೂಟರಿನಲ್ಲಿ ಒರೆಸಿ ಹಾಕಿದ್ದರು. ಅಂದರೆ ಆ ಕೂದಲು ಯಾರ ಕಣ್ಣಿಗೋ ಬಿದ್ದಿತ್ತು. ದುರದೃಷ್ಟಕ್ಕೆ ಅವರು ಡಾಕ್ಟರಾಗಿರಲಿಲ್ಲ. ಇಲಾಖೆ ಅವಳಿಗೆ ಕೊಟ್ಟ ಚಿಕಿತ್ಸೆ ಅದೊಂದೇ. ತಮ್ಮ ಕಚೇರಿಗೆ ಫೋನ್ ಮಾಡಿದೆ. ಯಾರನ್ನು ಕೇಳಿ ಹಾಕಿದಿರಿ ಎಂದದ್ದಕ್ಕೆ, ಒಳ್ಳೆ ಫೋಟೋ ಬಂದಿದೆಯಲ್ಲ ಮೇಡಂ, ಖುಷಿಪಡಿ ಎಂದರು.

ಖುಷಿಪಟ್ಟವಳು ನನ್ನ ತಂಗಿ. ಅವಳಿಗೆ ನಾನು ವಿಷಯ ಬಿಡಿಸಿ ಹೇಳುವಷ್ಟರಲ್ಲಿ ಪೋಸ್ಟರ್ ಊರೆಲ್ಲ ಹರಡಿತ್ತು. “ಡಾಕ್ಟ್ರೇ ಏನಿಲ್ಲ ಅಂದಿದಾರೆ, ಊರಿಗೆಲ್ಲ ಅವಳನ್ನೇ ತೋರಿಸ್ತಿದಾರೆ. ಚೆನ್ನಾಗಿರೋ ಹುಡುಗಿಗೆ ನೀನ್ಯಾಕಕ್ಕ ಇಲ್ಲದ್ದು ಅಂಟಿಸ್ತೀಯ?” ಎಂದಳು. ಒಬ್ಬ ದೊಡ್ಡಮ್ಮನ ಮಾತು ಎಷ್ಟು ದೊಡ್ಡದಾದರೂ ನಿಮ್ಮ ಪೋಸ್ಟರಿನಷ್ಟು ದೊಡ್ಡದಲ್ಲ. ಹುಡುಗಿಯೂ ಅಮ್ಮನ ಕಡೆಗೇ ಸೇರಿದಳು.

ಮುಂದಿನ ಸೆಮಿಸ್ಟರ್ ನಡೆಯುತ್ತಿದ್ದಾಗ, ಪ್ರಯೋಗಾಲಯದಲ್ಲಿ ನಿಂತಿದ್ದವಳಿಗೆ ರಕ್ತಸ್ರಾವ ಶುರುವಾಯಿತು. ನಿಲ್ಲಲಿಲ್ಲ. ಗೆಳತಿಯರು ತಮ್ಮ ಬಿಳಿ ಕೋಟುಗಳನ್ನು ಸುತ್ತಿ ಆಟೋ ಹತ್ತಿಸಿ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿನ ವೈದ್ಯೆ ಅವಳನ್ನು ತೂಗುವುದಕ್ಕೆ ಮೊದಲು ಕೇಳಿದರು. ಮುಟ್ಟು ಯಾವಾಗಿನಿಂದ ತಪ್ಪುತ್ತಿದೆ, ಕೂದಲು ಎಲ್ಲೆಲ್ಲಿ ಬರುತ್ತಿದೆ, ಮೊಡವೆ ಇದೆಯೇ, ಮನೆಯಲ್ಲಿ ಯಾರಿಗೆ ಸಕ್ಕರೆ ಕಾಯಿಲೆ. ರಕ್ತ ಪರೀಕ್ಷೆ, ಸ್ಕ್ಯಾನ್ ಆದ ಮೇಲೆ, ಸುದ್ದಿ ಕೇಳಿ ಓಡಿಬಂದಿದ್ದ ನನ್ನನ್ನೂ ತಂಗಿಯನ್ನೂ ಕೂರಿಸಿಕೊಂಡು, ಇದು ಪಿಸಿಓಎಸ್ ಎಂದು ವಿವರಿಸಿದರು. ಗಂಡಸರಲ್ಲಿ ಹೆಚ್ಚಾಗಿರುವ ಹಾರ್ಮೋನು ಹೆಂಗಸರಲ್ಲೂ ಸ್ವಲ್ಪ ಇರುತ್ತದಂತೆ. ಅದು ಏರಿದರೆ ಅಂಡ ಬಿಡುಗಡೆಯಾಗುವುದು ತಪ್ಪುತ್ತದೆ, ಮುಟ್ಟು ನಿಲ್ಲುತ್ತದೆ. ಗರ್ಭಕೋಶದ ಒಳಪದರ ದಪ್ಪವಾಗುತ್ತ ಹೋಗಿ ಒಂದು ದಿನ ಹೀಗೆ ಕಳಚಿಕೊಳ್ಳುತ್ತದೆ. ದಪ್ಪಗಿರುವವರಿಗೆ ತೂಕ ಇಳಿಸಿದರೆ ಅನುಕೂಲವಾಗುವುದು ನಿಜ, ಆದರೆ ತೆಳ್ಳಗಿರುವವರಿಗೂ ಇದು ಬರುತ್ತದೆ. ಸೋಮಾರಿತನಕ್ಕೆ ಸಿಕ್ಕ ಶಿಕ್ಷೆ ಇದಲ್ಲ. ಔಷಧಿಯಿದೆ, ಹತೋಟಿಯಲ್ಲಿಡಬಹುದು, ಮುಂದೆ ಮಕ್ಕಳಾಗುವುದೇ ಇಲ್ಲ ಎಂದೇನೂ ಅಲ್ಲ. ಇಷ್ಟು ಹೇಳಲು ಅವರಿಗೆ ನಡಿಗೆಯೂ ಬೇಕಾಗಲಿಲ್ಲ, ಬ್ಯಾನರೂ ಬೇಕಾಗಲಿಲ್ಲ.

ಈ ಪತ್ರಕ್ಕೆ ಕಾರಣವಾದದ್ದು ಕಳೆದ ವಾರದ ಮಾತು. ಹುಡುಗಿಯನ್ನು ಮತ್ತೆ ತೋರಿಸಲು ಹೋದಾಗ ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ನಮ್ಮ ತಲೆಯ ಮೇಲೇ ನಿಮ್ಮ ಪೋಸ್ಟರ್ ಇತ್ತು. ಎದುರು ಬೆಂಚಿನಲ್ಲಿ ಒಬ್ಬ ತಾಯಿ, ಪಕ್ಕದಲ್ಲಿ ಮೈ ತುಂಬಿಕೊಂಡ ಅವಳ ಮಗಳು. ತಾಯಿ ಪೋಸ್ಟರಿಗೆ ಬೆರಳು ತೋರಿಸಿ ಮಗಳನ್ನು ಮೂದಲಿಸುತ್ತಿದ್ದಳು. ನೋಡು, ಅವಳೂ ನಿನ್ನ ವಯಸ್ಸಿನವಳೇ, ಬಾಯಿ ಕಟ್ಟಿದ್ದರೆ ನಿನಗೂ ಇಲ್ಲಿ ಕೂರುವ ಗತಿ ಬರುತ್ತಿತ್ತೇ ಎಂದು. ಆ ಹುಡುಗಿ ತಲೆ ಎತ್ತಲಿಲ್ಲ. ನಮ್ಮವಳು ಮಾಸ್ಕ್ ಕೆಳಗೆ ಎಳೆದಳು.

“ಆಂಟಿ, ಅದು ನಾನೇ. ನಾನೂ ಟೋಕನ್ ತಗೊಂಡೇ ಕೂತಿದೀನಿ.”

ಆ ತಾಯಿ ಪೋಸ್ಟರನ್ನೊಮ್ಮೆ, ಅವಳ ಗದ್ದವನ್ನೊಮ್ಮೆ ನೋಡಿದಳು. ಮಗಳು ತಲೆ ಎತ್ತಿ ನಮ್ಮವಳನ್ನು ಕೇಳಿದ ಮೊದಲ ಪ್ರಶ್ನೆ, “ನಿಂಗೂ ವ್ಯಾಕ್ಸ್ ಪೇಪರಲ್ಲಿ ಕೂದ್ಲು ಕಿತ್ರೆ ಉರಿಯುತ್ತಾ?” ಇಬ್ಬರೂ ನಕ್ಕರು. ನಿಮ್ಮ ಅಭಿಯಾನದಲ್ಲಿ ನಾನು ಕಣ್ಣಾರೆ ಕಂಡ ಜಾಗೃತಿ ಅದೊಂದೇ, ನಿರ್ದೇಶಕರೇ.

ಆದ್ದರಿಂದ ಪೋಸ್ಟರ್ ಕೀಳಿಸಿ ಎಂದು ನಾನು ಕೇಳುತ್ತಿಲ್ಲ. ಕೇಳಬೇಕೆಂದಿದ್ದೆ, ಹುಡುಗಿ ಬೇಡವೆಂದಳು. ಅವಳು ವಯಸ್ಕಳು, ಮುಖ ಅವಳದು, ಆದ್ದರಿಂದ ಬೇಡಿಕೆಯೂ ಅವಳದೇ. ಅವಳ ಗದ್ದವನ್ನು ಇದ್ದ ಹಾಗೆ ಮತ್ತೆ ಅಚ್ಚು ಹಾಕಿಸಿ. ಪ್ರಾಸವನ್ನು ತೆಗೆಸಿ, ಆ ಜಾಗದಲ್ಲಿ ‘ನನಗೆ ಪಿಸಿಓಎಸ್ ಇದೆ. ನಿಮಗೂ ಮುಟ್ಟು ತಪ್ಪುತ್ತಿದ್ದರೆ ಬಂದು ಹೇಳಿ’ ಎಂದು ಬರೆಸಿ. ಹಾಗೆ ಹೇಳಲು ಬಂದವರನ್ನು, ಅವರು ಕಡ್ಡಿಯಂತಿರಲಿ, ನನ್ನಂತಿರಲಿ, ಕೂರಿಸಿ ಕೇಳುವ ಒಬ್ಬ ಡಾಕ್ಟರನ್ನು ನಿಮ್ಮ ಮಳಿಗೆಯಲ್ಲಿಡಿ.

ಇಂತಿ,
ಪೋಸ್ಟರಿನ ಹುಡುಗಿಯ ದೊಡ್ಡಮ್ಮ

(ಹೆಸರು ಹಾಕಲು ನನಗೂ ಹುಡುಗಿಗೂ ಅಭ್ಯಂತರವಿರಲಿಲ್ಲ, ತಂಗಿಗಿತ್ತು. ಮಗಳ ಮುಖ ಊರ ತುಂಬ ಇದ್ದರೂ ಹೆಸರು ಬೇಡವಂತೆ. ಜಾಗೃತಿ ನಮ್ಮ ಮನೆಗೂ ಇನ್ನೂ ಪೂರ್ತಿ ಬಂದಿಲ್ಲ.)