ಮುಕ್ಕಾಲಂಗುಲದ ಸ್ಕ್ರೂ

ಹಳೇಬೀಡು
14-2-1999

ಮರಿಯಣ್ಣನಿಗೆ ಪದ್ಮಪ್ರಸಾದನ ನಮಸ್ಕಾರ.

ನನ್ನ ಅಕ್ಷರ ನೋಡಿದ ಕೂಡಲೇ ನೀನು ಕಾಗದ ಹರಿಯಬಹುದು. ಹರಿಯುವ ಮುಂಚೆ ಓದು. ಐ ಬೆಗ್ ಟು ಸ್ಟೇಟ್ ಎಂದು ಶುರುಮಾಡಲು ಹಾಸನದ ಕಾಲೇಜಿನಲ್ಲಿ ಕಲಿಸಿದ್ದರು, ಆಮೇಲೆ ಏನು ಬರೆಯಬೇಕೆಂಬುದು ಮರೆತಿದೆ. ಅಲ್ಲಿ ನಾನು ಫೇಲಾದದ್ದೇ ಫಿಸಿಕ್ಸಿನಲ್ಲಿ. ಅದಿರಲಿ.

ಫಿಯಟ್ ಕಾರಿನ ಶಾರ್ಟ್ ಸರ್ಕ್ಯೂಟ್ ಸಿಕ್ಕಿತು. ನೀನು ಮಾಡಿಕೊಟ್ಟ ವೈರಿಂಗಿನಲ್ಲಿ ಏನೂ ತಪ್ಪಿರಲಿಲ್ಲ.

ದೀಪಾವಳಿ ಕಳೆದ ವಾರ ಕಾಂಚನಮಾಲಾಗೆ ಎದೆನೋವು ಬಂತು. ಅರಸೀಕೆರೆ ಡಾಕ್ಟರ ಹತ್ತಿರ ಕರೆದೊಯ್ಯುವಾಗ, ಜಾವಗಲ್ಲಿಗೆ ಮುಂಚಿನ ಮೋರಿ ಹತ್ತಿರ ಎಂಜಿನ್ ನಿಂತಿತು. ಫ್ಯೂಸ್ ಹಾಕಿದೆ, ಸುಟ್ಟಿತು. ಇನ್ನೊಂದು ಹಾಕಿದೆ, ನೂರು ಮಾರು ಹೋಗಿ ಅದೂ ಸುಟ್ಟಿತು. ಅವಳು ಹಿಂದಿನ ಸೀಟಿನಲ್ಲೇ ಹೋಗಿಬಿಟ್ಟಳು. ಹದಿಮೂರು ದಿನ ಕಳೆದ ಮೇಲೆ ನಾನು ಬಸ್ ಸ್ಟ್ಯಾಂಡಿನಲ್ಲಿ ನಿನ್ನ ಅಂಗಡಿ ಮುಂದೆ ನಿಂತು, ನನ್ನ ಹೆಂಡತಿಯನ್ನು ಕೊಂದದ್ದು ಇವನ ವೈರಿಂಗು ಎಂದು ಕೂಗಿದೆ. ಕಟಿಂಗ್ ಪ್ಲೇಯರ್ ಕೈಯಲ್ಲೇ ಹಿಡಿದುಕೊಂಡು ನೀನು, ಗಾಡಿ ಒಂದ್ಸಲ ತೋರ್ಸಿ ಪದ್ಮಣ್ಣೋರೆ, ಆಮೇಲ್ ಬೈಯಿರಿ ಅಂದೆ. ನಾನು ತೋರಿಸಲಿಲ್ಲ. ಆಮೇಲೆ ಊರಲ್ಲಿ ಯಾರೂ ನಿನ್ನ ಹತ್ತಿರ ಗಾಡಿ ಬಿಡಲಿಲ್ಲ. ಈಗ ಅರಸೀಕೆರೆಯಲ್ಲಿ ತಮ್ಮಯ್ಯನ ಗ್ಯಾರೇಜಿನಲ್ಲಿ ಕೂಲಿಗಿದ್ದೀಯಂತೆ.

ಗಾಡಿ ಮೂರು ತಿಂಗಳು ಕೊಟ್ಟಿಗೆಯಲ್ಲಿತ್ತು. ಕೊನೆಗೆ ನೀನೇ ಹೇಳಿಕೊಟ್ಟ ದಾರಿ ಹಿಡಿದೆ. ಫ್ಯೂಸ್ ಕಿತ್ತು ಆ ಜಾಗಕ್ಕೆ ಬಲ್ಬು ಕಟ್ಟಬೇಕು, ಮಂಕಾಗಿ ಉರಿದರೆ ಸರಿ, ಝಗ್ಗೆಂದರೆ ಶಾರ್ಟ್. ಎಲಿಮಿನೇಷನ್ ಮೆಥಡ್. ಒಂದೊಂದೇ ವೈರು ಅಲ್ಲಾಡಿಸಿದೆ. ಒಂಬತ್ತು ದಿನ ನೋಡಿದರೂ ಮಂಕೇ. ಇಂಟರ್ಮಿಟೆಂಟ್ ಎಂಬುದು ಕೆಟ್ಟ ಪದ ಕಣಯ್ಯ, ನಾವು ನೋಡುವಾಗ ಅದು ಇರುವುದಿಲ್ಲ.

ನಿನ್ನೆ ಬೆಳಿಗ್ಗೆ ನೋಡಿದರೆ ಡ್ಯಾಶ್‌ಬೋರ್ಡಿನ ಮೇಲಿನ ಪಾರ್ಶ್ವನಾಥರ ಹಿತ್ತಾಳೆ ಮೂರ್ತಿಗೆ ಧೂಳು ಹಿಡಿದಿತ್ತು. ಅವಳು ದಿನಾ ಒರೆಸುತ್ತಿದ್ದಳು. ಬಟ್ಟೆ ತಗೊಂಡು ಒರೆಸಿದೆ. ಹೆಬ್ಬೆರಳು ಒತ್ತಿದ್ದೇ ತಡ, ಬಲ್ಬು ಝಗ್ಗೆಂದಿತು. ಕೈ ತೆಗೆದೆ, ಮಂಕು. ಒತ್ತಿದೆ, ಝಗ್ಗು. ಬಹಳ ಹೊತ್ತು ಹಾಗೇ ಒತ್ತುತ್ತಾ ಕೂತಿದ್ದೆ.

ಆಯುಧಪೂಜೆಗೆ ಆ ಮೂರ್ತಿ ಕೂರಿಸಲು ನೀನು ಅಂಟಿನ ಡಬ್ಬಿ ತಂದಿದ್ದೆ. ಅಂಟೆಂದರೆ ಪ್ರಾಣಿಯ ಎಲುಬು ಕುದಿಸಿದ್ದು, ತೀರ್ಥಂಕರರ ಕೆಳಗೆ ಅದನ್ನು ಬಳಿಯುತ್ತೀಯಾ ಎಂದು ನಾನು ರೇಗಿದೆ. ಹಂಗಾರೆ ಬ್ಯಾಡ ಬಿಡಿ, ತೂತ್ ಮಾತ್ರ ಹೊಡೀಬ್ಯಾಡಿ, ಹಿಂದ್ಗಡೆ ವೈರ್ ಐತೆ ಎಂದು ಹೇಳಿ ಹೋದೆ ನೀನು. ನೀನು ಹೋದ ಮೇಲೆ ನಾನೇ ತೂತು ಕೊರೆದು ಮುಕ್ಕಾಲಂಗುಲದ ಸ್ಕ್ರೂ ಬಿಗಿದೆ. ಅದರ ಮೊನೆ ವೈರಿನ ಸಿಪ್ಪೆ ಕೆರೆದಿದೆ. ಗಾಡಿ ಕುಲುಕಿದರೆ ತಾಗುತ್ತದೆ, ನಿಂತರೆ ಬಿಡುತ್ತದೆ. ದೆರ್‌ಫೋರ್, ಇನ್ನೇನು ಬರೆಯಲಿ.

ನೀನು ಬಿಟ್ಟುಹೋದ ಡಬ್ಬಿ ಇಲ್ಲೇ ಇದೆ. ಕನ್ನಡಕ ಹಾಕಿಕೊಂಡು ಓದಿದೆ. ಸಿಂಥೆಟಿಕ್ ಎಂದಿದೆ.

ಈ ಕಾಗದದ ಒಂದು ಪ್ರತಿಯನ್ನು ನಾಳೆ ನಿನ್ನ ಅಂಗಡಿಯ ಮುಚ್ಚಿದ ಬಾಗಿಲಿಗೆ ಅದೇ ಅಂಟಿನಿಂದ ಹಚ್ಚುತ್ತೇನೆ. ಬಸ್ಸಿಳಿದವರೆಲ್ಲ ಓದಲಿ. ವಾಪಸ್ ಬರುವುದು ಬಿಡುವುದು ನಿನಗೆ ಸೇರಿದ್ದು. ಕ್ಷಮಿಸು ಎನ್ನಲು ನನಗೆ ಬಾಯಿಲ್ಲ.

ಇತಿ,
ನಿನ್ನ ಮೇಲೆ ಸುಳ್ಳು ಹೊರಿಸಿದ
ಪದ್ಮಪ್ರಸಾದ

ವಿ.ಸೂ.: ಬಾಗಿಲಿಗೆ ಹಚ್ಚುವ ಪ್ರತಿಯಲ್ಲಿ ಇದು ಇರುವುದಿಲ್ಲ. ನಾನು ಮೂರನೆಯ ಫ್ಯೂಸ್ ಕೈಯಲ್ಲಿ ಹಿಡಿದು ನಿಂತಿದ್ದಾಗ ಅರಸೀಕೆರೆ ಬಸ್ಸು ಬಂದು ನಿಂತಿತು. ಅಮ್ಮಾವ್ರನ್ನ ಹತ್ಸಿ ಯಜಮಾನ್ರೇ, ಮಲಗಿಸ್ಕೊಂಡೇ ಹೋಗಣ ಎಂದ ಕಂಡಕ್ಟರು. ಕಾಂಚನಮಾಲಾ ಎದ್ದು ಕೂತು ಚಪ್ಪಲಿ ಮೆಟ್ಟಿಕೊಂಡಿದ್ದಳು. ಒಂದು ನಿಮಿಷ ಕಣೇ, ಈಗ ಸಿಕ್ಕಿತು ಎಂದು ಹೇಳಿ, ನಾನೇ ಬಸ್ಸಿಗೆ ಕೈ ಬೀಸಿ ಕಳಿಸಿದೆ.