ಬಕೆಟ್ಟಿನಲ್ಲಿ ಕರಗದವರು

ಮಾಮಾ,

ನಿಮ್ಮ ಕ್ಷೇಮ ಕೇಳುವ ಹಾಗಿಲ್ಲ, ನಮ್ಮದನ್ನು ಹೇಳುವ ಮನಸ್ಸಿಲ್ಲ. ಮೊದಲು ಸಿಟ್ಟನ್ನು ಹೇಳಿಬಿಡುತ್ತೇನೆ. ನಿಮ್ಮ ಹದಿಮೂರನೆಯ ದಿನದ ಊಟ ಮುಗಿದ ಮೇಲೆ ಊರಿನವರನ್ನು ರೈಲು ಹತ್ತಿಸಲು ದಾದರಿಗೆ ಹೋಗಿದ್ದೆ. ಭಾಂಡುಪಿನ ಮನೆಗೆ ಮರಳಿ ಬಂದಾಗ ಕಿಟಕಿಯ ಪಕ್ಕದ ಗಾಜಿನ ಕಪಾಟು ಖಾಲಿ. ಬಚ್ಚಲಿನ ನೀಲಿ ಬಕೆಟ್ಟಿನಲ್ಲಿ, ನೀವು ತಿದ್ದಿ ನಾನು ಬಣ್ಣ ಹಚ್ಚಿದ ಅಷ್ಟೂ ಪುಟ್ಟ ಮೂರ್ತಿಗಳು ನೀರಿನಡಿ ಬಿದ್ದಿದ್ದವು. ಹಲ್ಲಿ ತಲೆಯ ಕಾವಲುಗಾರ, ಬಾವಲಿ ರೆಕ್ಕೆಯ ಮುದುಕಿ, ಗದೆ ಹೊತ್ತ ದೈತ್ಯ, ಎಲ್ಲರೂ ಅಂಗಾತ. ಮೇಲೆ ಒಂದು ಚೆಂಡುಹೂ ತೇಲುತ್ತಿತ್ತು. ಮುಳುಗಿಸುವ ಮುಂಚೆ ಪೂಜೆಯನ್ನೂ ಮಾಡಿದ್ದರೇನೋ.

ನಿಮ್ಮ ಅಣ್ಣ ಹೊರಗೆ ದಿವಾನದ ಮೇಲೆ ಕಾಲು ಚಾಚಿ ಕೂತಿದ್ದರು. ವಿಜಯಪುರದಲ್ಲಿ ಕೂತುಕೊಂಡೇ ಮುಂಬೈಯ ನಿಮ್ಮ ಮನೆಯ ಮೊಳೆ ಎಲ್ಲಿ ಹೊಡೆಯಬೇಕು ಎಂದು ಫೋನಿನಲ್ಲಿ ಹೇಳುತ್ತಿದ್ದವರು. ಅವರಿಗೆ ಕೇಳಿದೆ, ಯಾರು ಹಾಕಿದ್ದು ಎಂದು.

"ನಾನ ಹಾಕು ಅಂದೆ, ನಿಮ್ಮಕ್ಕ ಹಾಕಿದ್ಲು. ಬಾಗಲಕ್ಕ ಎದುರ ಬಾಯಿ ತಕ್ಕೊಂಡ ರಾಕ್ಷಸರನ್ನ ನಿಂದರ್ಸಿದ್ರ ಇನ್ನೇನಾಗ್ತದ? ನನ್ನ ತಮ್ಮ ಹೋದ."

"ಹಾರ್ಟ್ ಅಟ್ಯಾಕ್ ಆಗಿ ಹೋದ್ರು ಅವರು."

"ಅಟ್ಯಾಕ್ ಯಾಕಾತು?"

ನಾನು ಬಚ್ಚಲಿನ ಕಡೆ ತಿರುಗಿದೆ. ಅವರು ಹಿಂದಿನಿಂದಲೇ ಮುಂದುವರಿಸಿದರು.

"ಇವು ಯಾವ ದೇವ್ರು ಹೇಳು ನೋಡೂಣು. ದೇವ್ರಲ್ಲಂದ ಮ್ಯಾಲ ದೆವ್ವನ. ಮುಂಜಾನಿತನಕಾ ಕರಗ್ತಾವ ಬಿಡು. ನೀವು ಮುಂಬೈದವ್ರು ಗಣಪತೀನ ಮನ್ಯಾಗ ಬಕೀಟಿನ್ಯಾಗ ಕರಗಸ್ತೀರಲಾ, ಹಂಗ. ರಾಡಿ ಕುಂಡದಾಗ ಸುರುವಿದ್ರಾತು."

"ಇವು ಮಣ್ಣಿನ್ವಲ್ರಿ."

"ಮಣ್ಣಲ್ಲಂದ್ರ ಏನು, ಬಂಗಾರೇನು?"

ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಗಂಡನ ಮೂರ್ತಿಗಳನ್ನು ಮುಳುಗಿಸಿದ ಕೈಯನ್ನೇ ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು. ನನಗೆ ಅವರಿಗಿಂತ ಅವಳ ಮೇಲೆಯೇ ಹೆಚ್ಚು ಸಿಟ್ಟು ಬಂತು. ಆದರೂ ನಾನು ಬಕೆಟ್ಟಿಗೆ ಕೈ ಹಾಕಲಿಲ್ಲ. ಕರಗುವುದಿಲ್ಲ ಎಂದು ಆ ಮನೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ. ಅವರೂ ನೋಡಲಿ ಎನಿಸಿತು.

ನೀವು ಮೊದಲ ಸಲ ಮೂರ್ತಿ ಮಾಡುವ ಆ ಪುಟ್ಟಿಯನ್ನು ನನ್ನ ಕೈಗೆ ಕೊಟ್ಟದ್ದು ನೆನಪಿದೆ. ನಲ್ಲಿ ಸೋರಿದರೆ ಪ್ಲಂಬರ್ ಹಚ್ಚುವ ಪುಟ್ಟಿಯಂಥದೇ. ಎರಡು ಬಣ್ಣದ ಉಂಡೆಗಳನ್ನು ಸೇರಿಸಿ ನಾದಬೇಕು, ಗಟ್ಟಿಯಾಗುವ ಮೊದಲು ಮುಖ ತಿದ್ದಿ ಮುಗಿಸಬೇಕು; ಆಮೇಲೆ ನೀರಿಗೂ ಕರಗದು. ನಾನು ಮೂಗು ಮಾಡಲು ಹೋದರೆ ಬದನೆಕಾಯಿ ಆಗುತ್ತಿತ್ತು. "ನೀ ಬಣ್ಣಾ ಹಚ್ಚೋ ಮಾರಾಯಾ," ಎಂದು ಕುಂಚ ಕೊಟ್ಟಿರಿ. ಅಂದಿನಿಂದ ಭಾನುವಾರವೆಂದರೆ ಗೋರೆಗಾಂವಿನಿಂದ ಲಿಂಕ್ ರೋಡಿನ ಬಸ್ಸು, ನಿಮ್ಮ ಕಿಟಕಿ, ಭೂತಗನ್ನಡಿ ಕೂಡಿಸಿದ ದೀಪ. ವಾರವಿಡೀ ಲ್ಯಾಬಿನಲ್ಲಿ ಬೇರೆಯವರ ಬಾಯಿಗೆ ಹಲ್ಲಿನ ಸೆಟ್ ಮಾಡುತ್ತಿದ್ದ ನೀವು, ಆ ಮೇಣ ಕೆರೆಯುವ ಸಣ್ಣ ಚಾಕುಗಳಿಂದಲೇ ಯಾವ ಪುರಾಣದಲ್ಲೂ ಇಲ್ಲದ ಜನರನ್ನು ಹುಟ್ಟಿಸುತ್ತಿದ್ದಿರಿ. "ಅಲ್ಲಿ ಎಲ್ಲಾರ್ಗೂ ಒಂದ ನಮೂನಿ ಹಲ್ಲು ಬೇಕು. ಹಂಗ ಯಾರ್ದರೆ ಬಾಯಿ ಇರ್ತದೇನು?" ಎಂದದ್ದು ನೆನಪಿದೆ. ಅದನ್ನು ನಾನು ಲ್ಯಾಬಿನ ಬೇಸರ ಎಂದುಕೊಂಡಿದ್ದೆ.

ಇಲ್ಲಿಯ ನಮ್ಮ ಕನ್ನಡ ಸಂಘದವರು ಇಟ್ಟುಕೊಂಡ ಸಂತಾಪ ಸಭೆಗೂ ಹೋಗಿದ್ದೆ. ಒಬ್ಬರು ಎದ್ದು, "ಪಾಪ, ಸಣ್ಣ ಹುಡುಗ್ರ ಹಂಗ ಆಟಿಗಿ ಮಾಡ್ಕೋತ ಕೂಡ್ತಿದ್ರು, ಮನಸು ಅಷ್ಟು ಸಾಫ್," ಎಂದರು. ಎಲ್ಲರೂ ತಲೆ ಆಡಿಸಿದರು. ಗಣಪತಿ ಮಾಡಿದ್ದರೆ ಕಲಾವಿದ. ಶಿವಾಜಿ ಮಾಡಿದ್ದರೆ ಶಾಲು, ತೆಂಗಿನಕಾಯಿ. ಹಲ್ಲಿ ತಲೆಯವನ ಕತ್ತಿನ ಚರ್ಮದ ನೆರಿಗೆಗಳನ್ನು ಒಂದು ಭಾನುವಾರವೆಲ್ಲ ಕೂತು ಕೆತ್ತಿದರೆ ಆಟಿಕೆ. ಎದ್ದು ಏನಾದರೂ ಹೇಳಬೇಕಿತ್ತು. ಆದರೆ ಯಾವ ಬಾಯಿಂದ? ಯಾರಾದರೂ ಮನೆಗೆ ಬಂದು ಕೇಳಿದರೆ, "ಏನಿಲ್ರೀ, ಟೈಂಪಾಸ್," ಎಂದು ಕಪಾಟಿನ ಪರದೆ ಎಳೆಯುತ್ತಿದ್ದವರು ನೀವೇ ಅಲ್ಲವೇ? ಆ ಮಾತನ್ನು ಅವರ ಬಾಯಿಗೆ ಇಟ್ಟವರು ನೀವು. ಟೈಂಪಾಸ್ ಅಂತೆ. ಹಾಗಾದರೆ ನಾನು ಅಷ್ಟು ವರ್ಷ ಆ ಬಸ್ಸಿನಲ್ಲಿ ನಿಂತುಕೊಂಡು ಬಂದದ್ದು...

ಮರುದಿನ ಬೆಳಿಗ್ಗೆ ನಿಮ್ಮ ಅಣ್ಣ ಟವೆಲ್ ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ಹೋದವರು ಹಾಗೇ ಹೊರಗೆ ಬಂದರು. ಬಕೆಟ್ಟಿನ ನೀರು ತಿಳಿಯಾಗಿತ್ತು. ಒಂದು ಬಣ್ಣವೂ ಬಿಟ್ಟಿರಲಿಲ್ಲ.

"ಇವೇನು ಹಂಗ ಅದಾವಲಾ?"

"ಹಂಗ ಇರ್ತಾವ್ರಿ," ಎಂದೆ.

ಅವರ ಮುಖದಲ್ಲಿ ಹೆದರಿಕೆ ಕಂಡಿತು. ನನಗೆ ಅದು ಸಾಕಾಗಬೇಕಿತ್ತು, ಸಾಕಾಗಲಿಲ್ಲ. ಮಧ್ಯಾಹ್ನದ ರೈಲಿಗೆ ಹೊರಡುವ ಮುಂಚೆ ಅಕ್ಕನಿಗೆ ಹೇಳಿದರು: "ಪವಾಯಿ ಕೆರಿಗೆ ಒಗದ ಬರ್ರಿ. ಇವತ್ತ ಆಗಬೇಕು." ಅಕ್ಕ ಹೂಂ ಅಂದಳು. ಅವರನ್ನು ರಿಕ್ಷಾ ಹತ್ತಿಸಿ ಮೇಲೆ ಬಂದು, ಅವನ್ನು ಒಂದು ಚೀಲಕ್ಕೆ ಹಾಕಿಕೊಡು, ನಾನೇ ಒಯ್ಯುತ್ತೇನೆ ಎಂದೆ. ಕೆರೆಗಲ್ಲ, ನನ್ನ ಮನೆಗೆ. ಅದನ್ನು ಹೇಳಲಿಲ್ಲ.

"ಒದ್ದಿ ಅದಾವ. ಹಂಗ ಹೆಂಗ ಒಯ್ತಿ?" ಎಂದಳು.

ಕೆರೆಗೆ ಎಸೆಯಬೇಕಾದವರನ್ನು ಒರೆಸುತ್ತಾ ಕೂತಳು ಮಾಮಾ. ನಿಮ್ಮ ಮೇಜಿನ ಹತ್ತಿರ, ನಿಮ್ಮ ದೀಪ ಹಚ್ಚಿಕೊಂಡು, ಒಬ್ಬೊಬ್ಬರನ್ನೇ ಸೆರಗಿನ ತುದಿಯಿಂದ. ಅಷ್ಟು ವರ್ಷದಲ್ಲಿ ಅವಳು ಆ ಭೂತಗನ್ನಡಿಯಲ್ಲಿ ಬಗ್ಗಿ ನೋಡಿದ್ದನ್ನು ನಾನು ಕಂಡಿರಲಿಲ್ಲ. ನೀವಾಗಿಯೇ ಎಂದಾದರೂ ಕರೆದು ತೋರಿಸಿದ್ದಿರಾ?

"ಇಲ್ಲಿ ಬಾ ಸ್ವಲ್ಪ," ಎಂದಳು. ಗದೆಯ ದೈತ್ಯನನ್ನು ಗಾಜಿನಡಿ ಹಿಡಿದಿದ್ದಳು. "ಇವು ನಮ್ಮ ಭಾವನವರ ಹಲ್ಲಲ್ಲೇನು?"

ನೋಡಿದೆ. ಮುಂದಿನ ಎರಡು ಹಲ್ಲುಗಳ ನಡುವೆ ಸಂದು. ಎಡಗಡೆಯ ಕೋರೆಹಲ್ಲು ಪಕ್ಕದ್ದರ ಮೇಲೆ ಏರಿ ಕೂತಿದೆ. ಊಟದ ಎಲೆಯ ಮುಂದೆ ಹಿಂದಿನ ದಿನವಷ್ಟೇ ನೋಡಿದ ಬಾಯಿ. ನಿಮ್ಮ ಅಣ್ಣನದೇ, ಸಂಶಯವಿಲ್ಲ. ಅಕ್ಕ ನಕ್ಕಳು. ನೀವು ಹೋದ ಮೇಲೆ ಮೊದಲ ಸಲ. ಆಮೇಲೆ ಬಾವಲಿ ರೆಕ್ಕೆಯ ಮುದುಕಿಯನ್ನು ಎತ್ತಿಕೊಂಡು ತುಂಬ ಹೊತ್ತು ನೋಡಿದಳು. ಆ ಮುದುಕಿಯ ಒಂದು ಹಲ್ಲಿನ ಮೂಲೆ ಒಡೆದಿದೆ.

"ಇದು ನಾನು," ಎಂದಳು. "ಅಡಕಿ ಕಡೀಲಿಕ್ಕೆ ಹೋಗಿ ಮುರಕೊಂಡಿದ್ದೆ. ನೋಡು, ನನಗ ಹೇಳದ ಕೇಳದ ಮುದುಕಿ ಮಾಡಿಟ್ಟಾರ. ಮ್ಯಾಲ ರೆಕ್ಕಿ ಬ್ಯಾರೆ."

ಇದು ನನಗೆ ಕ್ಷಮಿಸಲು ಆಗುತ್ತಿಲ್ಲ ಮಾಮಾ. ಆ ಹಲ್ಲುಗಳಿಗೆ ಬಣ್ಣ ಹಚ್ಚಿದವನು ನಾನು. ಉಸಿರು ಹಿಡಿದು, ಕೂದಲಿನಷ್ಟು ಸಣ್ಣ ಕುಂಚದ ತುದಿಯಿಂದ, ಬುಡದಲ್ಲಿ ಕಂದು, ತುದಿಯಲ್ಲಿ ಮಾಸಿದ ಬಿಳಿ. ಎದುರಿಗೇ ಕೂತು ನೋಡುತ್ತಿದ್ದಿರಿ. ಒಂದು ಮಾತು ಹೇಳಬಾರದಿತ್ತೇ? ನಾವು ಇಬ್ಬರೂ ಸೇರಿ ಇಲ್ಲದ ಲೋಕವೊಂದನ್ನು ಮಾಡುತ್ತಿದ್ದೇವೆ ಎಂದು ನಾನು ನಂಬಿಕೊಂಡಿದ್ದೆ. ನೀವು ಮನೆಯವರ ಬಾಯಿಗಳನ್ನು ಮಾಡುತ್ತಿದ್ದಿರಿ. ನನ್ನ ಹಲ್ಲು ಯಾರ ಬಾಯಲ್ಲಿವೆಯೋ, ಹುಡುಕಿದೆ, ಸಿಗಲಿಲ್ಲ. ಮಾಡಿಲ್ಲವೆಂದರೆ ಅದಕ್ಕೂ ಸಿಟ್ಟೇ.

ಚೀಲ ಮಡಚಿ ಒಳಗಿಟ್ಟು ಅಕ್ಕ ಎಲ್ಲರನ್ನೂ ಕಪಾಟಿನಲ್ಲಿ ನಿಲ್ಲಿಸಿದಳು. ನನಗೂ ಕೊಡಲಿಲ್ಲ. "ಪವಾಯಿ?" ಎಂದು ಕೇಳಿದರೆ, "ನನ್ನ ನಾನ ಹೆಂಗ ಕೆರಿಗೆ ಒಗೀಲಿ?" ಎಂದಳು. ನಿಮ್ಮ ಅಣ್ಣ ಫೋನು ಮಾಡಿ ವಿಚಾರಿಸಿದಾಗಲೂ ಸುಳ್ಳು ಹೇಳಲಿಲ್ಲ. ಒಗೆದಿಲ್ಲ, ಅದರಲ್ಲಿ ಒಬ್ಬನಿಗೆ ನಿಮ್ಮ ಹಲ್ಲು ಅದಾವ ಎಂದಳಂತೆ. ಅವರು ಫೋನು ಇಟ್ಟರು. ಬಹಳ ದಿನ ಮಾಡಲೂ ಇಲ್ಲ.

ಹೋದ ವಾರ ನಾನು ಆಫೀಸಿನಲ್ಲಿದ್ದಾಗ ನಿಮ್ಮ ಅಣ್ಣ ನನಗೇ ಫೋನು ಮಾಡಿದರು. ಅವರ ದನಿ ಬೇರೆಯಾಗಿತ್ತು. ಸಕಾರ ಎಲ್ಲ ಶಿಳ್ಳೆಯ ಹಾಗೆ. ಹಲ್ಲೆಲ್ಲ ಅಲುಗಾಡುತ್ತಿದ್ದವು, ಪೂರ್ತಿ ತೆಗೆಸಿ ಸೆಟ್ ಹಾಕಿಸಿಕೊಂಡೆ ಎಂದರು.

"ಆ ದೆವ್ವಂದು ಒಂದು ಫೋಟೋ ಕಳಸು," ಎಂದರು.

"ಯಾಕ್ರಿ?"

"ನಾ ಫೋಟೋದಾಗ ಎಂದೂ ಬಾಯಿ ತಗದಾಂವಲ್ಲ. ನಾಚಿಕಿ ಆಗ್ತಿತ್ತು. ಈಗ ಕನ್ನಡ್ಯಾಗ ನೋಡಿದ್ರ ಯಾರೋ ಬ್ಯಾರೆದಾಂವ ನಗತಾನ. ಮನ್ಯಾಗ ಕೇಳ್ದೆ, ನನ್ನ ಹಲ್ಲು ಹೆಂಗ ಇದ್ವು ಅಂತ. ಒಬ್ರಿಗೂ ಬರೋಬರಿ ಹೇಳಾಕ ಬರವಲ್ದು."

ಇಷ್ಟು ಕೇಳಿ ನಾನು ಕರಗಿದೆ ಎಂದುಕೊಳ್ಳಬೇಡಿ. ಕಳಿಸುವುದಿಲ್ಲ ಎಂದೆ. ಫೋಟೋದಲ್ಲಿ ಕಾಣುವಂಥದಲ್ಲ ಅದು, ಬಂದು ನೋಡ್ರಿ ಎಂದೆ. ಟೈಂಪಾಸ್ ಅಲ್ಲ ಅಂತಲೂ ಹೇಳಿದೆ. ನೀವು ಹೇಳಬೇಕಾಗಿದ್ದ ಮಾತು. ಬಂದರೆ ನಾನು ಜಗಳವಾಡುವುದಿಲ್ಲ, ಮಾತು ಕೊಡುತ್ತೇನೆ. ನಿಮ್ಮ ಕುರ್ಚಿಯಲ್ಲಿ ಕೂಡಿಸಿ, ದೀಪ ಹಚ್ಚಿ, ದೈತ್ಯನನ್ನು ಗಾಜಿನ ಕೆಳಗೆ ನಿಲ್ಲಿಸಿ ಪಕ್ಕಕ್ಕೆ ಸರಿಯುತ್ತೇನೆ. ಎರಡು ಬೆರಳಿನೆತ್ತರದವನ ಬಾಯಿ ಕಾಣಬೇಕಾದರೆ ಯಾರಾದರೂ ತಲೆ ಬಗ್ಗಿಸಲೇಬೇಕು.

ಇಂದು ಬೆಳಿಗ್ಗೆ ಅಕ್ಕ ಹೇಳಿದಳು. ಅವರಿಗೆ ಭಾನುವಾರದ ರೈಲಿಗೆ ಸೀಟು ಸಿಕ್ಕಿದೆಯಂತೆ.